ಎಂಟು ದಿನದ ಮಿಷನರಿಗಳು

ಅಮೆರಿಕದ ಕಾಲೇಜುಗಳಿಗೆ ಮಾರ್ಚ್ ತಿಂಗಳ ಸುಮಾರಿಗೆ ಒಂದು ವಾರದ ವಸಂತ ರಜೆ ಬರುತ್ತದೆ. ಆ ವಾರ ಫ್ಲಾರಿಡಾದ ಕಡಲತೀರಗಳಲ್ಲಿ ವಿದ್ಯಾರ್ಥಿಗಳು ನಡೆಸುವ ಮೋಜನ್ನು ಸಿನಿಮಾಗಳ ಮೂಲಕ ಜಗತ್ತೆಲ್ಲ ನೋಡಿದೆ. ಅದೇ ವಾರ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಇನ್ನೊಂದು ಬಗೆಯ ವಿದ್ಯಾರ್ಥಿಗಳೂ ಕಾಣಸಿಗುತ್ತಾರೆ. ಹದಿನೈದು ಇಪ್ಪತ್ತು ಮಂದಿಯ ಗುಂಪು, ಎಲ್ಲರ ಮೈಮೇಲೂ ಒಂದೇ ಬಣ್ಣದ ಟೀ ಶರ್ಟು, ಅದರ ಮೇಲೊಂದು ಬೈಬಲ್ ವಾಕ್ಯ. ಮೆಕ್ಸಿಕೊಗೋ, ಗ್ವಾಟೆಮಾಲಕ್ಕೋ, ಹೊಂಡುರಾಸ್‌ಗೋ ಹೊರಟವರು. ಅಲ್ಲಿ ಅವರು ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ, ಇಟ್ಟಿಗೆ ಹೊರುತ್ತಾರೆ, ಮಕ್ಕಳಿಗೆ ಹಾಡು ಆಟದ ನಡುವೆ ಯೇಸುವಿನ ಕಥೆ ಹೇಳುತ್ತಾರೆ, ಸಂಜೆ ಸ್ಥಳೀಯ ಚರ್ಚಿನಲ್ಲಿ ದುಭಾಷಿಯ ನೆರವಿನಿಂದ ನಾಲ್ಕು ಮಾತಾಡುತ್ತಾರೆ. ಮುಂದಿನ ಸೋಮವಾರ ಮತ್ತೆ ತರಗತಿಯಲ್ಲಿರುತ್ತಾರೆ.

ಇದನ್ನು ‘ಅಲ್ಪಾವಧಿ ಮಿಷನ್’ ಎನ್ನುತ್ತಾರೆ. ಇದೇನೂ ಸಣ್ಣ ಸಂಗತಿಯಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಈ ಶತಮಾನದ ಮೊದಲ ದಶಕದಲ್ಲಿ ಮಾಡಿದ ಅಂದಾಜಿನಂತೆ, ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ನರು ಹೀಗೆ ಪರದೇಶಗಳಿಗೆ ಹೋಗಿಬರುತ್ತಿದ್ದರು. ತಂಗುವ ಸರಾಸರಿ ಅವಧಿ ಎಂಟು ದಿನ. ಅವರಲ್ಲಿ ದೊಡ್ಡ ಪಾಲು ಹದಿಹರೆಯದವರದು ಮತ್ತು ಕಾಲೇಜು ವಿದ್ಯಾರ್ಥಿಗಳದು. 2020ರಲ್ಲಿ ಕೊರೊನಾ ಬಂದು ಪ್ರವಾಸಗಳು ನಿಂತವು. ಆಮೇಲೆ ಮತ್ತೆ ಶುರುವಾದವು.

ಮರಳಿ ಬಂದ ವಿದ್ಯಾರ್ಥಿ ತನ್ನ ಅನುಭವವನ್ನು ಹೇಳಿಕೊಳ್ಳಬೇಕು ಎಂಬುದು ಈ ಪ್ರವಾಸದ ಅಲಿಖಿತ ನಿಯಮ. ಹೊರಡುವ ಮೊದಲೇ ಆತ ಬಂಧುಗಳಿಗೆ, ಊರಿನ ಚರ್ಚಿನವರಿಗೆ ಪತ್ರ ಬರೆದು ಹಣ ಕೂಡಿಸಿರುತ್ತಾನೆ. ಹಣ ಕೊಟ್ಟವರಿಗೆ ವರದಿ ಒಪ್ಪಿಸುವುದು ನ್ಯಾಯವೇ. ಭಾನುವಾರದ ಆರಾಧನೆಯ ಬಳಿಕ ಚಿತ್ರಗಳನ್ನು ತೋರಿಸುತ್ತ ಮಾತಾಡುತ್ತಾನೆ. ಕಾಲೇಜಿನ ಪತ್ರಿಕೆಗೂ ಒಂದು ಲೇಖನ ಬರೆಯುತ್ತಾನೆ. ಇಂಥ ಬರಹಗಳನ್ನು ಹತ್ತಾರು ಓದಿದವರಿಗೆ ಎರಡು ಮಾತುಗಳು ಬಾಯಿಪಾಠವಾಗಿಬಿಡುತ್ತವೆ. ಮೊದಲನೆಯದು, ‘ಕೊಡಲು ಹೋದೆವು, ಕೊಟ್ಟದ್ದಕ್ಕಿಂತ ಹೆಚ್ಚು ಪಡೆದು ಬಂದೆವು.’ ಎರಡನೆಯದು, ‘ಅವರ ಬಳಿ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ!’ ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಬೇರೆ ಬೇರೆ ದೇಶಕ್ಕೆ ಹೋದ, ಬೇರೆ ಬೇರೆ ಕಾಲೇಜಿನ ಸಾವಿರಾರು ಮಂದಿ ಒಂದೇ ಮಾತನ್ನು ಹೊತ್ತು ತರುವುದೇಕೆ ಎಂದು ಕೇಳಬೇಕಾಗುತ್ತದೆ.

ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಪರದೇಶ ಮಿಷನ್ನಿನ ಕಥೆ ಆರಂಭವಾಗುವುದೇ ಕಾಲೇಜಿನಲ್ಲಿ. 1806ರ ಆಗಸ್ಟ್‌ನಲ್ಲಿ ಮೆಸಾಚುಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಐವರು ವಿದ್ಯಾರ್ಥಿಗಳು ಬಯಲಿನಲ್ಲಿ ಪ್ರಾರ್ಥನೆಗೆ ಕೂಡಿದ್ದಾಗ ಗುಡುಗು ಮಳೆ ಬಂತು. ಹುಲ್ಲಿನ ಬಣವೆಯ ಆಸರೆ ಹಿಡಿದು ನಿಂತರು. ಅಲ್ಲಿಯೇ ಏಷ್ಯಾಕ್ಕೆ ಸುವಾರ್ತೆ ಒಯ್ಯುವ ಮಾತಾಯಿತು. ಸ್ಯಾಮ್ಯುಯಲ್ ಮಿಲ್ಸ್ ಅವರ ಮುಂದಾಳು. ಅದರ ಫಲವಾಗಿ 1810ರಲ್ಲಿ ಪರದೇಶ ಮಿಷನ್ನುಗಳ ಅಮೆರಿಕನ್ ಮಂಡಳಿ ಹುಟ್ಟಿತು. 1812ರ ಫೆಬ್ರವರಿಯಲ್ಲಿ ಅದರ ಮೊದಲ ತಂಡ ಕಲ್ಕತ್ತೆಗೆ ಹಡಗು ಹತ್ತಿತು. ಈಸ್ಟ್ ಇಂಡಿಯಾ ಕಂಪನಿ ಅವರನ್ನು ನಿಲ್ಲಗೊಡಲಿಲ್ಲ. ಅಡೊನಿರಾಮ್ ಜಡ್ಸನ್ ಬರ್ಮಾಕ್ಕೆ ಹೋದ. ಬರ್ಮೀ ಭಾಷೆಗೆ ಬೈಬಲ್ ತಂದದ್ದು ಅವನೇ. ವಿಲಿಯಮ್ಸ್ ಕಾಲೇಜಿನಲ್ಲೇ ಓದಿದ್ದ ಗಾರ್ಡನ್ ಹಾಲ್ ಮುಂಬಯಿ ಸೇರಿ ಮರಾಠಿ ಕಲಿತು, 1826ರಲ್ಲಿ ಕಾಲರಾದಿಂದ ಇಲ್ಲಿಯೇ ತೀರಿಕೊಂಡ. ತಂಡದಲ್ಲಿದ್ದ ಹ್ಯಾರಿಯೆಟ್ ನ್ಯೂಯೆಲ್ ಭಾರತದಲ್ಲಿ ನೆಲೆ ಸಿಗದೆ ಮಾರಿಷಸ್ ತಲುಪಿ, ಅದೇ ವರ್ಷ ಅಲ್ಲಿ ಸತ್ತಾಗ ಆಕೆಗಿನ್ನೂ 19 ವರ್ಷ. ಹಿಂದಿರುಗಿ ಬರುವ ಚೀಟಿ ಕೊಂಡು ಹೊರಟವರಲ್ಲ ಇವರು.

1886ರ ಬೇಸಿಗೆಯಲ್ಲಿ ಅದೇ ಮೆಸಾಚುಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ಪ್ರಚಾರಕ ಡ್ವೈಟ್ ಮೂಡಿ ಕರೆದ ಶಿಬಿರಕ್ಕೆ ಸುಮಾರು 250 ಕಾಲೇಜು ವಿದ್ಯಾರ್ಥಿಗಳು ಬಂದಿದ್ದರು. ಶಿಬಿರ ಮುಗಿಯುವ ಹೊತ್ತಿಗೆ ನೂರು ಮಂದಿ ಪರದೇಶಕ್ಕೆ ಹೋಗುವ ಪ್ರತಿಜ್ಞೆಗೆ ಸಹಿ ಹಾಕಿದರು. ಇದರಿಂದ ಹುಟ್ಟಿದ ವಿದ್ಯಾರ್ಥಿ ಸ್ವಯಂಸೇವಕ ಚಳವಳಿ ಮುಂದಿನ ಅರ್ಧ ಶತಮಾನದಲ್ಲಿ ಸಾವಿರಾರು ಪದವೀಧರರನ್ನು ಚೀನಾ, ಭಾರತ, ಆಫ್ರಿಕಗಳಿಗೆ ಕಳಿಸಿತು. ಸಹಿ ಹಾಕಿದವರಲ್ಲೊಬ್ಬನಾದ ಜಾನ್ ಮಾಟ್ 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ.

ಕನ್ನಡಿಗರಿಗೆ ಈ ಹಳೆಯ ಬಗೆಯ ಮಿಷನರಿಯ ಪರಿಚಯ ಚೆನ್ನಾಗಿಯೇ ಇದೆ, ಅಮೆರಿಕದಿಂದಲ್ಲವಾದರೂ ಬಾಸೆಲ್ ಮಿಷನ್ನಿನಿಂದ. 1836ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೊಗ್ಲಿಂಗ್ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದ ತರುಣ. ಏಳು ವರ್ಷಗಳ ಬಳಿಕ ‘ಮಂಗಳೂರ ಸಮಾಚಾರ’ ಹೊರಡಿಸಿದ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದಾಗ ವಯಸ್ಸು 21, ಇಂದಿನ ಕಾಲೇಜು ಹುಡುಗನ ವಯಸ್ಸೇ. ಆತನ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ 41 ವರ್ಷಗಳಲ್ಲಿ ಎಷ್ಟು ಮಂದಿ ಪಂಡಿತರು, ರೈತರು, ಕುಶಲಕರ್ಮಿಗಳು ಆತನನ್ನು ತಿದ್ದಿದ್ದಾರೋ! ಮತಾಂತರದ ಉದ್ದೇಶದ ಬಗ್ಗೆ, ವಸಾಹತು ಆಡಳಿತದೊಂದಿಗೆ ಮಿಷನ್ನುಗಳಿಗಿದ್ದ ನಂಟಿನ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಎದುರಿನವನು ಆಡಿದ ಮಾತು ತಿಳಿಯದೆ ಇವರ ಒಂದು ದಿನದ ಕೆಲಸವೂ ನಡೆಯುತ್ತಿರಲಿಲ್ಲ. ಪ್ರಶ್ನೆ ಕೇಳಿದವನಿಗೆ, ಜಗಳಕ್ಕೆ ಬಂದವನಿಗೆ, ಬಾಗಿಲು ಮುಚ್ಚಿದವನಿಗೆ ಅವನ ಭಾಷೆಯಲ್ಲೇ ಉತ್ತರ ಕೊಡಬೇಕಿತ್ತು.

ಈ ಜೀವಾವಧಿ ಎಂಟು ದಿನಕ್ಕೆ ಇಳಿದದ್ದು ಹೇಗೆ? ಎರಡನೆಯ ಮಹಾಯುದ್ಧದ ನಂತರ ರಸ್ತೆ, ವಿಮಾನ, ಕೈಯಲ್ಲಿ ಹಣ ಮೂರೂ ಒದಗಿದವು. 1957ರ ಬೇಸಿಗೆಯಲ್ಲಿ ಟೆನೆಸಿಯ ಮೇರಿವಿಲ್ ಕಾಲೇಜಿನ ವಿದ್ಯಾರ್ಥಿ ಜಾರ್ಜ್ ವರ್ವರ್ ಇಬ್ಬರು ಗೆಳೆಯರೊಡನೆ ಹಳೆಯ ಲಾರಿಯೊಂದರಲ್ಲಿ ಸ್ಪ್ಯಾನಿಷ್ ಪುಸ್ತಕಗಳನ್ನು ತುಂಬಿಕೊಂಡು ಮೆಕ್ಸಿಕೊಗೆ ಹೋದ. ಮುಂದೆ ‘ಆಪರೇಷನ್ ಮೊಬಿಲೈಸೇಷನ್’ ಎಂಬ ದೊಡ್ಡ ಸಂಸ್ಥೆಯಾದದ್ದು ಇದೇ ಪ್ರವಾಸ. 1960ರಲ್ಲಿ ಲೊರೆನ್ ಕನ್ನಿಂಗ್‌ಹ್ಯಾಮ್ ‘ಯೂತ್ ವಿತ್ ಎ ಮಿಷನ್’ ಸ್ಥಾಪಿಸಿದ. ಮರುವರ್ಷ ಕೆನಡಿಯವರ ಪೀಸ್ ಕೋರ್ ಬಂದು, ಯುವಕನೊಬ್ಬ ಎರಡು ವರ್ಷ ಪರದೇಶದ ಹಳ್ಳಿಯಲ್ಲಿ ದುಡಿದು ಮರಳುವುದು ದೇಶಸೇವೆಯೇ ಆಯಿತು. ಚರ್ಚುಗಳ ಮಟ್ಟಿಗೆ ಎರಡು ವರ್ಷ ಎಂಬುದು ಒಂದು ಬೇಸಿಗೆಯಾಗಿ, ಬೇಸಿಗೆ ಎಂಬುದು ಒಂದು ವಾರವಾಗಿ ಕುಗ್ಗಿತು.

ಈ ಬೇಸಿಗೆಯ ಸೇವಕರಿಗೆ ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟವನು ಒಬ್ಬ ಕ್ಯಾಥೊಲಿಕ್ ಪಾದ್ರಿಯೇ. ವಿಯೆನ್ನಾದಲ್ಲಿ ಹುಟ್ಟಿದ ಇವಾನ್ ಇಲಿಚ್ ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ ಒಂದು ಕೇಂದ್ರ ನಡೆಸುತ್ತಿದ್ದ. ಲ್ಯಾಟಿನ್ ಅಮೆರಿಕಕ್ಕೆ ಬರುವ ಮಿಷನರಿಗಳಿಗೆ ಸ್ಪ್ಯಾನಿಷ್ ಕಲಿಸುವುದು ಅದರ ಕೆಲಸಗಳಲ್ಲೊಂದು. ಹೀಗಾಗಿ ಒಳಗಿನ ವ್ಯವಹಾರವೆಲ್ಲ ಅವನಿಗೆ ಗೊತ್ತಿತ್ತು. ರಜೆಯಲ್ಲಿ ಮೆಕ್ಸಿಕೊದ ಹಳ್ಳಿಗಳಿಗೆ ಸೇವೆಗೆ ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಸಂಘಟನೆಯೊಂದು 1968ರ ಏಪ್ರಿಲ್ 20ರಂದು ಅವನನ್ನು ಭಾಷಣಕ್ಕೆ ಕರೆಯಿತು. ನಿಮ್ಮ ಸದುದ್ದೇಶಗಳು ನರಕಕ್ಕೆ ಹೋಗಲಿ ಎಂಬ ಅರ್ಥದ ಶೀರ್ಷಿಕೆಯಲ್ಲಿ ಆ ಭಾಷಣ ಮುಂದೆ ಪ್ರಸಿದ್ಧವಾಯಿತು.

ಅದರ ಬೈಗುಳವನ್ನಷ್ಟೇ ನೆನಪಿಟ್ಟುಕೊಂಡವರು ಹೆಚ್ಚು. ಒಳಗಿನ ತರ್ಕ ಅದಕ್ಕಿಂತ ಹರಿತವಾಗಿದೆ. ಬಡವರ ನಡುವೆ ದುಡಿಯಲೇಬೇಕೆಂದಿದ್ದರೆ ನಿಮ್ಮದೇ ಊರಿನ ಬಡವರ ಬಳಿಗೆ ಹೋಗಿ ಎಂದ ಇಲಿಚ್. ನಿಮ್ಮ ನೆರವು ಬೇಡವಾದರೆ ಆತ ‘ತೊಲಗು’ ಎನ್ನಬಲ್ಲ, ಅದು ನಿಮಗೆ ಅರ್ಥವೂ ಆಗುತ್ತದೆ. ಮೆಕ್ಸಿಕೊದ ಹಳ್ಳಿಯವನು ಅದನ್ನೇ ಹೇಳಿದರೆ ನಿಮಗೆ ತಿಳಿಯುವುದೇ ಇಲ್ಲ. ಮೆಕ್ಸಿಕೊಗೆ ಬನ್ನಿ, ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಓದಲು ಬನ್ನಿ. ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವನ ಮಾತಿನ ಸಾರ. ಆ ಮಾತು ಕಠಿಣವೇ. ಆದರೆ ಅದು ತೋರಿದ ಕೊರತೆ ಹಣದ್ದಲ್ಲ, ಮನಸ್ಸಿನದೂ ಅಲ್ಲ. ಎದುರಿನವನು ‘ಬೇಡ’ ಎಂದದ್ದು ಕಿವಿಗೆ ಬೀಳದ ಸ್ಥಿತಿಯದು.

ವಿದ್ಯಾರ್ಥಿಗಳ ಬರಹಗಳಲ್ಲಿರುವ ಆ ಎರಡನೆಯ ಮಾತನ್ನು ಈ ಬೆಳಕಿನಲ್ಲಿ ನೋಡಬಹುದು. ‘ಬಡವರಾದರೂ ಸಂತೋಷವಾಗಿದ್ದಾರೆ’ ಎಂದು ಯಾರು ಹೇಳಿದರು? ಮಾತು ಬಾರದ ಅತಿಥಿ ನಗುವನ್ನು ನೋಡಿ ಊಹಿಸಿದ್ದು ಅದು. ಮನೆಗೆ ಬಂದ ಪರಸ್ಥಳದವರಿಗೆ ನಗುಮುಖ ತೋರುವುದು, ಪಕ್ಕದ ಮನೆಯಿಂದ ಸಕ್ಕರೆ ಕಡ ತಂದಾದರೂ ಕಾಫಿ ಕೊಡುವುದು ಎಲ್ಲ ದೇಶದ ಹಳ್ಳಿಗಳ ಮರ್ಯಾದೆ. ಆ ಕಾಫಿ ಕುಡಿದು ‘ಇವರಿಗೆ ಕೊರತೆಯೇ ಕಾಡುವುದಿಲ್ಲ’ ಎಂದು ಬರೆದುಕೊಂಡರೆ ಹೇಗೆ?

ಇಲಿನಾಯ್ ರಾಜ್ಯದ ವೀಟನ್ ಕ್ರೈಸ್ತ ಕಾಲೇಜಿನ ಮಾನವಶಾಸ್ತ್ರಜ್ಞ ಬ್ರಯನ್ ಹಾವೆಲ್ ಈ ಕಥನಗಳನ್ನೇ ಅಧ್ಯಯನ ಮಾಡಿ 2012ರಲ್ಲಿ ಪುಸ್ತಕ ಪ್ರಕಟಿಸಿದ. ಹದಿಹರೆಯದವರ ತಂಡವೊಂದರ ಜೊತೆ ಆತ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿದ್ದ. ಆತ ಕಂಡುಕೊಂಡದ್ದು ಇಷ್ಟು: ಹಿಂದೆ ಹೋಗಿಬಂದವರ ಕಥೆಗಳು, ತಯಾರಿಯ ಸಭೆಗಳು, ಹಣ ಕೇಳುವ ಪತ್ರಗಳು ಎಲ್ಲ ಸೇರಿ, ಹೋಗುವ ಮೊದಲೇ ಅನುಭವದ ಅಚ್ಚು ತಯಾರಾಗಿರುತ್ತದೆ, ಅಲ್ಲಿ ಕಂಡದ್ದು ಆ ಅಚ್ಚಿನೊಳಗೇ ಎರಕವಾಗುತ್ತದೆ. ಅಚ್ಚಿಗೆ ಹೊಂದದ್ದು ಹೊರಗೆ ಚೆಲ್ಲಿಹೋಗುತ್ತದೆ. ಆ ದೇಶದ ಕಬ್ಬಿನ ತೋಟಗಳ ಸುತ್ತ ‘ಬಾತೆಯ್’ ಎಂಬ ಕೂಲಿಗಳ ವಸತಿಗಳಿವೆ. ನೆರೆಯ ಹೈಟಿಯಿಂದ ಕಬ್ಬು ಕಡಿಯಲು ಬಂದವರು, ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿನ ನಿವಾಸಿಗಳು. 1937ರಲ್ಲಿ ಸರ್ವಾಧಿಕಾರಿ ಟ್ರುಹಿಯೊನ ಆಜ್ಞೆಯಂತೆ ಸಾವಿರಾರು ಹೈಟಿಯನ್ನರ ಕಗ್ಗೊಲೆ ನಡೆದ ನೆಲ ಅದು. 2013ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಕೊಟ್ಟ ತೀರ್ಪಿನಿಂದ ಅಲ್ಲಿಯೇ ಹುಟ್ಟಿದ ಅಸಂಖ್ಯ ಮಂದಿ ಪೌರತ್ವಕ್ಕೆ ಎರವಾದರು. ಇಂಥ ವಸತಿಯಲ್ಲಿ ಮಕ್ಕಳೊಡನೆ ಚೆಂಡಾಡಿ ಬಂದ ಹುಡುಗ ‘ಸಂತೋಷ’ವನ್ನು ಕಂಡು ಬಂದರೆ ಆತನ ಕಣ್ಣು ಸುಳ್ಳಾಡಿದೆ ಎನ್ನಲಾಗದು. ಆ ಬಡತನಕ್ಕೊಂದು ಚರಿತ್ರೆ ಇದೆಯೆಂದು ಯಾರೂ ಅವನಿಗೆ ಹೇಳಿರುವುದಿಲ್ಲ, ಅಷ್ಟೆ.

ಇನ್ನು ಮೊದಲನೆಯ ಮಾತು, ‘ಕೊಟ್ಟದ್ದಕ್ಕಿಂತ ಹೆಚ್ಚು ಪಡೆದೆವು’ ಎಂಬುದು. ಇದನ್ನು ಲೆಕ್ಕದ ಪುಸ್ತಕ ಹಿಡಿದು ಪರೀಕ್ಷಿಸಿದವನೊಬ್ಬನಿದ್ದಾನೆ. ಮಿಶಿಗನ್‌ನ ಕ್ಯಾಲ್ವಿನ್ ಕಾಲೇಜಿನ ಪ್ರಾಧ್ಯಾಪಕ ಕರ್ಟ್ ವೆರ್ ಬೀಕ್ ಹೊಂಡುರಾಸ್‌ನಲ್ಲೇ ನೆಲೆಸಿದವನು. 1998ರಲ್ಲಿ ಮಿಚ್ ಚಂಡಮಾರುತ ಆ ದೇಶವನ್ನು ಕೆಡವಿಹಾಕಿದಾಗ ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ತಂಡಗಳು ಒಂದರ ಮೇಲೊಂದು ಬಂದವು. ವಿಮಾನದ ಖರ್ಚೂ ಸೇರಿ ಒಂದು ತಂಡ ಕಟ್ಟಿದ ಮನೆಗೆ ಸುಮಾರು 30,000 ಡಾಲರ್ ತಗಲಿದರೆ, ಸ್ಥಳೀಯ ಕ್ರೈಸ್ತ ಸಂಸ್ಥೆ ತನ್ನ ಗಾರೆ ಕೆಲಸದವರಿಂದ ಕಟ್ಟಿಸಿದ ಅಂಥದೇ ಮನೆಗೆ ಸುಮಾರು 2,000 ಡಾಲರ್. ಒಂದರ ಬೆಲೆಗೆ ಹದಿನೈದು! ಮನೆ ಪಡೆದವರನ್ನು ವೆರ್ ಬೀಕ್ ಮಾತಾಡಿಸಿದ. ಪರದೇಶಿಗಳು ಕಟ್ಟಿದರೂ ಊರಿನವರೇ ಕಟ್ಟಿದರೂ ಅವರ ಬಾಳಿನಲ್ಲಾದ ಬದಲಾವಣೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಂದುಹೋದವರ ಕಡೆಗೂ ತಿರುಗಿದ. ಪ್ರವಾಸದಿಂದ ತಾವು ಬದಲಾದೆವು, ಹೆಚ್ಚು ದಾನ ಕೊಡುತ್ತಿದ್ದೇವೆ ಎಂದು ಅವರಲ್ಲಿ ಅನೇಕರು ಹೇಳಿಕೊಂಡರು. ಸಂಸ್ಥೆಯ ದಾನದ ಲೆಕ್ಕದಲ್ಲಿ ಆ ಪ್ರಮಾಣದ ಏರಿಕೆ ಇರಲಿಲ್ಲ. 2006ರಲ್ಲಿ ಇದು ಪ್ರಕಟವಾದಾಗ ಕ್ರೈಸ್ತ ಕಾಲೇಜುಗಳಲ್ಲೇ ದೊಡ್ಡ ಚರ್ಚೆಯಾಯಿತು. ‘ಹೋದ ಪುಟ್ಟ, ಬಂದ ಪುಟ್ಟ’ ಎಂಬ ನಮ್ಮ ಗಾದೆಗೆ ಅಂಕಿ ಅಂಶದ ಬೆಂಬಲ ಸಿಕ್ಕಂತಾಯಿತೆನ್ನಿ.

ಪ್ರವಾಸಗಳ ಪರ ನಿಂತವರದೂ ಒಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಮಗಳು ಹೋಗುತ್ತಾಳೆಂದು ಅತ್ತೆ ಮಾವಂದಿರು ಕೊಟ್ಟ ಹಣ, ಮಗಳು ಹೋಗದಿದ್ದರೆ ಹೊಂಡುರಾಸ್‌ಗೆ ಹೋಗುತ್ತಿತ್ತೇ? ಇಲ್ಲ, ಅಲ್ಲಿಯೇ ಉಳಿಯುತ್ತಿತ್ತು. ಆತಿಥೇಯರೂ ಬರಿಯ ಬೊಂಬೆಗಳಲ್ಲ. ಪೆರು ದೇಶದ ಚರ್ಚುಗಳನ್ನು ಅಧ್ಯಯನ ಮಾಡಿದ ರಾಬರ್ಟ್ ಪ್ರೀಸ್ಟ್ ಇದರ ಇನ್ನೊಂದು ಮುಖ ತೋರಿಸಿದ್ದಾನೆ. ಕ್ಯಾಥೊಲಿಕರೇ ಬಹುಸಂಖ್ಯಾತರಾದ ಆ ದೇಶದಲ್ಲಿ ಸಣ್ಣ ಪ್ರಾಟೆಸ್ಟಂಟ್ ಸಭೆಗಳಿಗೆ ಅಧಿಕಾರಿಗಳ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. ಜೊತೆಗೆ ಅಮೆರಿಕದ ಅತಿಥಿಗಳಿದ್ದರೆ ಶಾಲೆಯ ಮುಖ್ಯೋಪಾಧ್ಯಾಯನೂ ಕುರ್ಚಿ ಹಾಕಿಸುತ್ತಾನೆ. ಅತಿಥಿ ಹೊರಟುಹೋದರೂ ಆ ಪರಿಚಯ ಪಾದ್ರಿಯ ಬಳಿ ಉಳಿಯುತ್ತದೆ. ಅಂದರೆ ಇಟ್ಟಿಗೆ ಹೊತ್ತದ್ದು ನೆರವಾಗಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತದ್ದು ನೆರವಾಯಿತು. ವಿದ್ಯಾರ್ಥಿಯ ಅನುಭವ ಕಥನದಲ್ಲಿ ಇದು ಎಂದೂ ಬರುವುದಿಲ್ಲ, ಏಕೆಂದರೆ ಅವನಿಗೆ ಅದು ಗೊತ್ತೇ ಆಗುವುದಿಲ್ಲ.

ತಿಳಿವಳಿಕೆಯ ಕೊರತೆ ಅಪಾಯಕ್ಕೂ ಎಳೆಯುತ್ತದೆ. 2010ರ ಜನವರಿಯಲ್ಲಿ ಹೈಟಿಯ ಭೂಕಂಪವಾದ ಕೆಲವೇ ದಿನಗಳಲ್ಲಿ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಅನಾಥರೆಂದು ಬಸ್ಸಿನಲ್ಲಿ ಗಡಿ ದಾಟಿಸಹೊರಟು ಬಂಧಿತರಾದರು. ವಿಚಾರಿಸಿದಾಗ ಆ ಮಕ್ಕಳಲ್ಲಿ ಬಹುಪಾಲಿಗೆ ತಂದೆಯೋ ತಾಯಿಯೋ ಬದುಕಿರುವುದು ತಿಳಿದುಬಂತು.

ಇತ್ತೀಚಿನ ವಿದ್ಯಾರ್ಥಿಗಳ ಬರಹದ ಧಾಟಿಯಲ್ಲಿ ಬದಲಾವಣೆ ಕಾಣುತ್ತಿದೆ. 2016ರಲ್ಲಿ ಪೂರ್ವ ಆಫ್ರಿಕದಲ್ಲಿ ಸೇವೆ ಮಾಡಿ ಬಂದ ಇಬ್ಬರು ಅಮೆರಿಕನ್ ತರುಣಿಯರು ಬಾರ್ಬಿ ಗೊಂಬೆಯನ್ನೇ ಮಿಷನರಿಯಾಗಿಸಿ, ಕಪ್ಪು ಮಕ್ಕಳನ್ನು ತಬ್ಬಿಕೊಂಡು ತೆಗೆಸಿಕೊಳ್ಳುವ ಫೋಟೊಗಳನ್ನು ಇನ್‌ಸ್ಟಾಗ್ರಾಂನಲ್ಲಿ ಅಣಕಿಸಿದರು. ಲಕ್ಷಾಂತರ ಮಂದಿ ನಕ್ಕರು. ನಗುವಿಗೆ ಗುರಿಯಾದ ಚಿತ್ರಗಳಲ್ಲಿ ತಮ್ಮದೂ ಒಂದಿದೆ ಎಂದು ಅನೇಕರಿಗೆ ಅನಿಸಿರಬೇಕು. ಕೆಲವು ಕಾಲೇಜುಗಳು ‘ಸೇವೆ’ ಎಂಬ ಪದವನ್ನು ಕೈಬಿಟ್ಟು ‘ಕಲಿಕೆಯ ಪ್ರವಾಸ’ ಎನ್ನತೊಡಗಿವೆ. ಹೆಸರು ಬದಲಾದರೆ ಸಾಲದು ಎಂಬುದೂ ಅವರಿಗೆ ಗೊತ್ತು. ಹಾವೆಲ್ ಪಾಠ ಹೇಳುವ ವೀಟನ್ ಕಾಲೇಜೇ 1970ರ ದಶಕದಲ್ಲಿ ಆರು ತಿಂಗಳ ಯೋಜನೆಯೊಂದನ್ನು ರೂಪಿಸಿತು. ವಿದ್ಯಾರ್ಥಿ ಒಬ್ಬನೇ ಹೋಗಬೇಕು, ಅಲ್ಲಿನ ಕುಟುಂಬವೊಂದರಲ್ಲಿ ಉಣ್ಣಬೇಕು, ಅಲ್ಲಿನ ಸಂಸ್ಥೆಯ ಕೈಕೆಳಗೆ ದುಡಿಯಬೇಕು. ಒಂದೇ ಬಣ್ಣದ ಟೀ ಶರ್ಟಿನ ಗೆಳೆಯರು ಸುತ್ತ ಇರುವುದಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ಮನೆಯೊಡತಿಗೆ ಅತಿಥಿಯ ಮುಂದೆ ನಗುವ ಉಪಚಾರ ಸಾಕಾಗಿರುತ್ತದೆ. ನೀರು ಚೆಲ್ಲಿದ್ದಕ್ಕೆ ಗದರುತ್ತಾಳೆ. ಅಷ್ಟು ಹೊತ್ತಿಗೆ ಗದರಿದ್ದು ಅರ್ಥವಾಗುವಷ್ಟು ಸ್ಪ್ಯಾನಿಷ್ಷೂ ಅವನಿಗೆ ಬಂದಿರುತ್ತದೆ.