ಮೈಸೂರು ಸಾಬೂನಿನ ಹೂರಣ

ಎಣ್ಣೆಯನ್ನಾಗಲಿ ಕೊಬ್ಬನ್ನಾಗಲಿ ಕ್ಷಾರದ ದ್ರಾವಣದೊಂದಿಗೆ ಕೂಡಿಸಿದಾಗ ಅವೆರಡೂ ತಮ್ಮ ಮೂಲ ಗುಣವನ್ನು ಕಳೆದುಕೊಂಡು, ಜಿಡ್ಡೂ ಅಲ್ಲದ, ಚರ್ಮವನ್ನು ಸುಡುವ ಕ್ಷಾರವೂ ಅಲ್ಲದ ಮೂರನೆಯ ವಸ್ತುವೊಂದು ಹುಟ್ಟುತ್ತದೆ, ಅದೇ ಸಾಬೂನು. ಅದು ಕನ್ನಡ ನಾಡಿನ ಬಚ್ಚಲುಮನೆಗಳನ್ನು ಹೊಗುವ ಮೊದಲು ಮೈ ಮತ್ತು ತಲೆಯ ಕೊಳೆ ತೆಗೆಯಲು ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟುಗಳು ಇದ್ದವು. ಬಟ್ಟೆ ಒಗೆಯಲು ಅಗಸರು ಚೌಳು ಮಣ್ಣನ್ನು ಬಳಸುತ್ತಿದ್ದರು. ಸೀಗೆ, ಅಂಟುವಾಳಗಳಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಸಸ್ಯದ್ರವ್ಯ ಹುಟ್ಟಿನಿಂದಲೇ ಇರುತ್ತದೆ. ಸಾಬೂನನ್ನಾದರೋ ಮನುಷ್ಯನೇ ಮಾಡಿಕೊಳ್ಳಬೇಕು. ಅದನ್ನು ಮಾಡುವ ವಿದ್ಯೆಯನ್ನು ಮೈಸೂರು ಸಂಸ್ಥಾನವು ತನ್ನ ಕಾಡಿನ ಶ್ರೀಗಂಧದೊಂದಿಗೆ ಬೆಸೆದ ಬಗೆ ಭಾರತದ ಕೈಗಾರಿಕಾ ಇತಿಹಾಸದಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿ.

ಎಣ್ಣೆಯ ಪ್ರತಿಯೊಂದು ಅಣುವಿನಲ್ಲಿಯೂ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್ನಿಗೆ ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಈ ನಂಟನ್ನು ಬಿಡಿಸಿದಾಗ ಕೊಬ್ಬಿನಾಮ್ಲಗಳು ಸೋಡಿಯಮ್ಮಿನೊಡನೆ ಕೂಡಿ ಸಾಬೂನಾಗುತ್ತವೆ, ಗ್ಲಿಸರಿನ್ ಬೇರೆಯಾಗಿ ನಿಲ್ಲುತ್ತದೆ. ಈ ಕ್ರಿಯೆಗೆ ಸಾಬೂನೀಕರಣ ಎಂದು ಹೆಸರು. ಶತಮಾನಗಳಿಂದ ಸಾಬೂನು ಕುದಿಸುತ್ತ ಬಂದಿದ್ದ ಯುರೋಪಿನವರಿಗೂ ಇದರ ಒಳಗುಟ್ಟು ತಿಳಿದದ್ದು 19ನೆಯ ಶತಮಾನದ ಆರಂಭದಲ್ಲಿ, ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಶೆವ್ರಲ್ ಕೊಬ್ಬುಗಳ ರಚನೆಯನ್ನು ಬಿಡಿಸಿ ತೋರಿಸಿದ ಮೇಲೆಯೇ. ಎಣ್ಣೆಗೂ ಕ್ಷಾರಕ್ಕೂ ಇರುವ ಪ್ರಮಾಣ ಎಣ್ಣೆಯಿಂದ ಎಣ್ಣೆಗೆ ಬೇರೆಯಾಗುತ್ತದೆ: 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಸೋಡಾ ಬೇಕಾದರೆ, ಅಷ್ಟೇ ಹರಳೆಣ್ಣೆಗೆ ಸುಮಾರು 13 ಗ್ರಾಂ ಸಾಕು. ಕ್ಷಾರ ಮಿಕ್ಕಿದರೆ ಸಾಬೂನು ಮೈಯನ್ನು ಉರಿಸುತ್ತದೆ, ಕಡಿಮೆಯಾದರೆ ಉಳಿದ ಎಣ್ಣೆ ಕಾಲಕ್ರಮದಲ್ಲಿ ಕಮಟುತ್ತದೆ. ಕುದಿಸಿ ಮಾಡುವ ಕ್ರಮದಲ್ಲಿ ಕೊನೆಗೆ ಉಪ್ಪುನೀರು ಹಾಕುವುದುಂಟು; ಉಪ್ಪು ಕರಗಿದ ನೀರಿನಲ್ಲಿ ಸಾಬೂನು ಕರಗಿ ನಿಲ್ಲಲಾರದೆ ಮೇಲಕ್ಕೆ ತೇಲುತ್ತದೆ, ಗ್ಲಿಸರಿನ್ ಮತ್ತು ಹೆಚ್ಚಿನ ಕ್ಷಾರ ಅಡಿಯ ನೀರಿನೊಡನೆ ಹೊರಹೋಗುತ್ತವೆ.

ಸಾಬೂನಿನ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದಕ್ಕೆ ಹಾಕಿದ ಎಣ್ಣೆಯೇ ಹೊರತು ಅದರ ಬಣ್ಣವಲ್ಲ, ಜಾಹೀರಾತಂತೂ ಅಲ್ಲವೇ ಅಲ್ಲ. ತೆಂಗಿನೆಣ್ಣೆಯಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲವು ಬೇಗ ನೊರೆ ಬರಿಸುತ್ತದೆ, ಆದರೆ ಅದರ ಪಾಲು ಅತಿಯಾದರೆ ಚರ್ಮ ಒಣಗುತ್ತದೆ. ತಾಳೆಎಣ್ಣೆಯ ಪಾಮಿಟಿಕ್ ಆಮ್ಲವು ಸಾಬೂನಿಗೆ ಗಟ್ಟಿತನವನ್ನೂ ಬಾಳಿಕೆಯನ್ನೂ ಕೊಡುತ್ತದೆ. ಆದ್ದರಿಂದಲೇ ಒಳ್ಳೆಯ ಸಾಬೂನಿನಲ್ಲಿ ಒಂದಕ್ಕಿಂತ ಹೆಚ್ಚು ಎಣ್ಣೆಗಳನ್ನು ಹದವರಿತು ಬೆರೆಸಿರುತ್ತಾರೆ. ಸೋಡಿಯಮ್ಮಿನ ಬದಲು ಪೊಟ್ಯಾಸಿಯಂ ಕ್ಷಾರ ಬಳಸಿದರೆ ದೊರೆಯುವುದು ಮೆತ್ತನೆಯ ಅಥವಾ ದ್ರವರೂಪದ ಸಾಬೂನು.

ಮೈಸೂರಿನಲ್ಲಿ ಈ ಉದ್ಯಮ ಹುಟ್ಟಲು ಒಂದು ಸಂಕಟವೇ ಕಾರಣ. ಸಂಸ್ಥಾನದ ಶ್ರೀಗಂಧದ ಮರ ಯುರೋಪಿಗೆ ಹೋಗಿ, ಅಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ, ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗುತ್ತಲೇ ಆ ವ್ಯಾಪಾರ ನಿಂತು, ಕೊಳ್ಳುವವರಿಲ್ಲದೆ ಕೊರಡುಗಳು ಕೋಠಿಗಳಲ್ಲಿ ಉಳಿದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಎಂ. ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕಾ ನಿರ್ದೇಶಕ ಆಲ್‌ಫ್ರೆಡ್ ಚಾಟರ್‌ಟನ್ನರ ಉಸ್ತುವಾರಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವ್ಯಾಟ್ಸನ್ ಅವರು ಗಂಧದೆಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ರೂಪಿಸಿಕೊಟ್ಟರು. 1916ರಲ್ಲಿ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಆ ಎಣ್ಣೆಯನ್ನು ಸಾಬೂನಿಗೆ ಸೇರಿಸುವ ವಿದ್ಯೆಯನ್ನು ಕಲಿತುಬರಲು ಸರ್ಕಾರ ಇಂಗ್ಲೆಂಡಿಗೆ ಕಳುಹಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳು ಮುಂದೆ ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದರು. ಮರವನ್ನು ಮಾರಿ ಸುಮ್ಮನಿರುತ್ತಿದ್ದ ನಾಡು ಪ್ರಯೋಗಶಾಲೆಯ ನೆರವಿನಿಂದ ಎಣ್ಣೆಯನ್ನೂ, ಎಣ್ಣೆಯಿಂದ ಸಿದ್ಧವಸ್ತುವನ್ನೂ ಮಾಡಲು ಕಲಿತದ್ದು ವಿಶ್ವೇಶ್ವರಯ್ಯನವರ ಕೈಗಾರಿಕಾ ಚಿಂತನೆಯ ಅತ್ಯಂತ ಸಾರ್ಥಕ ಫಲಗಳಲ್ಲಿ ಒಂದು.

ಗಂಧದೆಣ್ಣೆ ಇರುವುದು ಮರದ ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗನ್ನು ಪುಡಿಮಾಡಿ ಅದರ ಮೂಲಕ ಹಬೆ ಹಾಯಿಸಿದಾಗ ಎಣ್ಣೆ ಆವಿಯಾಗಿ ಬಂದು, ತಂಪುಗೊಂಡು ನೀರಿನಿಂದ ಬೇರ್ಪಡುತ್ತದೆ. ಅದರ ಪರಿಮಳಕ್ಕೆ ಕಾರಣವಾದ ಸ್ಯಾಂಟಲಾಲ್ ಎಂಬ ಘಟಕವು ಬೇಗ ಆರಿಹೋಗುವುದಿಲ್ಲ, ಸಾಬೂನಿನ ಕ್ಷಾರಗುಣಕ್ಕೂ ಕೆಡುವುದಿಲ್ಲ. ಜೊತೆಗೆ ಸೇರಿದ ಹಗುರ ಪರಿಮಳಗಳನ್ನೂ ಅದು ಹಿಡಿದಿಡುತ್ತದೆ. ವೆನಿಲಾದ ಪರಿಮಳದ್ರವ್ಯವಾದರೆ ಸಾಬೂನನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಕಾರ್ಖಾನೆಯಲ್ಲಿ ಒಣಗಿಸಿದ ಸಾಬೂನನ್ನು ಮೊದಲು ಶ್ಯಾವಿಗೆಯಂತಹ ಎಳೆಗಳನ್ನಾಗಿ ಮಾಡಿ, ಅವಕ್ಕೆ ಗಂಧದೆಣ್ಣೆಯನ್ನೂ ಬಣ್ಣವನ್ನೂ ಬೆರೆಸಿ, ಉರುಳೆಗಳ ನಡುವೆ ಅರೆದು, ಒತ್ತಡದಲ್ಲಿ ಉದ್ದನೆಯ ಪಟ್ಟಿಯಾಗಿ ಹೊರತಂದು ಕತ್ತರಿಸಿ ಅಚ್ಚು ಒತ್ತುತ್ತಾರೆ. ಮೈಸೂರು ಸ್ಯಾಂಡಲ್ ಸಾಬೂನಿನ ಅಂಡಾಕಾರದ ಬಿಲ್ಲೆಯೂ, ಸಿಂಹದ ಮೈ ಮತ್ತು ಆನೆಯ ತಲೆ ಕೂಡಿದ ಶರಭದ ಲಾಂಛನವೂ ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಾದವುಗಳಲ್ಲ. ಅದನ್ನು ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆಯು 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಸಂಸ್ಥೆಯಾಯಿತು. ಮುಂದೆ ಮೈಸೂರು ಸ್ಯಾಂಡಲ್ ಸಾಬೂನಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು.

ಶ್ರೀಗಂಧ ಅರೆಪರಾವಲಂಬಿ ಮರ. ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಜೋಡಿಸಿ ಬೆಳೆಯುತ್ತದೆ, ಚೇಗು ಬಲಿಯಲು ದಶಕಗಳನ್ನೇ ತೆಗೆದುಕೊಳ್ಳುತ್ತದೆ. ಬಹುಕಾಲ ಅದು ಯಾರ ಜಮೀನಿನಲ್ಲಿದ್ದರೂ ಸರ್ಕಾರದ ಸೊತ್ತಾಗಿದ್ದುದರಿಂದ ರೈತರು ಅದನ್ನು ಬೆಳೆಸಲು ಹಿಂಜರಿದರು, ಕಳ್ಳಸಾಗಣೆ ಕಾಡನ್ನು ಬರಿದುಮಾಡಿತು. 2001ರ ಕಾನೂನು ತಿದ್ದುಪಡಿಯ ಬಳಿಕ ಬೆಳೆದವನೇ ಮರದ ಒಡೆಯನಾಗಿದ್ದಾನೆ. ಇಷ್ಟು ಶ್ರಮದಿಂದ ಬರುವ ವಸ್ತುವನ್ನು ಕೊಳ್ಳುವವರೂ ಪರೀಕ್ಷಿಸಿ ಕೊಳ್ಳಬೇಕು. ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಬರೆದಿರುವುದು ಒಟ್ಟು ಕೊಬ್ಬಿನಂಶದ ಪ್ರಮಾಣ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸ್ನಾನದ ಸಾಬೂನಿನಲ್ಲಿ ಅದು ಕನಿಷ್ಠ ಶೇ. 76 ಇರಬೇಕು, ‘ಬಾತಿಂಗ್ ಬಾರ್’ ಎಂದು ಬರೆದ ಬಿಲ್ಲೆಗೆ ಶೇ. 40 ಇದ್ದರೂ ಸಾಕು. ಬೆಲೆ ನೋಡುವ ಮೊದಲು ಓದುಗರು ಈ ಅಂಕಿಯನ್ನು ನೋಡಲಿ.