ನೀರು ಹೇಳಿದ ಲೆಕ್ಕ

ಹರಿಹರದ ತುಂಗಭದ್ರೆಯಿಂದ ಒಂದು ಬಿಂದಿಗೆ ನೀರನ್ನೂ ದಾವಣಗೆರೆಯ ಬಾವಿಯಿಂದ ಮತ್ತೊಂದು ಬಿಂದಿಗೆ ನೀರನ್ನೂ ತಂದೆವೆನ್ನೋಣ. ರುಚಿ ಬೇರೆ, ಬಣ್ಣವೂ ಬೇರೆ. ಆದರೆ ಎರಡನ್ನೂ ಬಟ್ಟಿಯಿಳಿಸಿ, ಕೊಂಚ ಆಮ್ಲ ಬೆರೆಸಿ ವಿದ್ಯುತ್ತನ್ನು ಹಾಯಿಸಿದರೆ, ವಿಭಜನೆಗೊಂಡ ಪ್ರತಿ 9 ಗ್ರಾಂ ನೀರಿನಿಂದ ಸುಮಾರು 1 ಗ್ರಾಂ ಜಲಜನಕವೂ 8 ಗ್ರಾಂ ಆಮ್ಲಜನಕವೂ ದೊರೆಯುತ್ತವೆ. ಈ ಪ್ರಮಾಣವು ಕದಲದಿರಲು ಕಾರಣವೇನು?

ನಮ್ಮ ಕಣಾದನೂ ಗ್ರೀಸಿನ ಡೆಮಾಕ್ರಿಟಸನೂ ಅವಿಭಾಜ್ಯವಾದ ಕಣಗಳನ್ನು ಊಹಿಸಿದ್ದರು. ಆದರೆ ತಕ್ಕಡಿಯನ್ನು ಹಿಡಿದಿರಲಿಲ್ಲ. ಹಿಡಿದವರಲ್ಲಿ ಮ್ಯಾಂಚೆಸ್ಟರಿನ ಉಪಾಧ್ಯಾಯ ಜಾನ್ ಡಾಲ್ಟನ್ ಮುಖ್ಯನು. ಒಂದು ಧಾತುವಿನ ಪರಮಾಣುಗಳೆಲ್ಲವೂ ಸಮಾನ ತೂಕದವು, ಅವು ಇಡಿಯಾಗಿಯೇ ಕೂಡುತ್ತವೆ ಎಂಬ ವಿಚಾರವನ್ನು ಆತನು 1803ರಿಂದ ರೂಪಿಸತೊಡಗಿದನು. ಅರ್ಧ ಪರಮಾಣು ಎಂಬುದಿಲ್ಲವಾದ್ದರಿಂದ ಪ್ರಮಾಣವೂ ಕದಲದು.

ಆದರೆ ಅಂಥ ಡಾಲ್ಟನ್ನನೂ ನೀರಿನಲ್ಲಿಯೇ ಎಡವಿದನು! ಒಂದು ಜಲಜನಕಕ್ಕೆ ಒಂದೇ ಆಮ್ಲಜನಕವೆಂದು ಬಗೆದನು. ಅಂದಿನ ತೂಕಗಳೂ ನಿಖರವಾಗಿರಲಿಲ್ಲ. ಆದ್ದರಿಂದ 16 ಆಗಬೇಕಿದ್ದ ಆಮ್ಲಜನಕದ ಪರಮಾಣು ತೂಕವು 1808ರ ಆತನ ಗ್ರಂಥದಲ್ಲಿ 7 ಆಯಿತು. ಅನಿಲಗಳ ಗಾತ್ರದಿಂದ ಇದನ್ನು ತಿದ್ದುವ ಮಾರ್ಗವನ್ನು ಇಟಲಿಯ ಅವೊಗಾಡ್ರೊ 1811ರಲ್ಲಿಯೇ ತೋರಿದರೂ ಕಿವಿಗೊಟ್ಟವರು ವಿರಳ. ಆತನು ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ, ಕ್ಯಾನಿಜಾರೊ ಆ ವಾದವನ್ನು ಎತ್ತಿಹಿಡಿದನು. ನೀರಿನ ಅಣುವಿನಲ್ಲಿ ಜಲಜನಕದ ಪರಮಾಣುಗಳು ಎರಡೆಂಬುದು ಆಮೇಲೆ ನೆಲೆಗೊಂಡಿತು.