ಶುಗರ್ ಇರುವವರ ಕಣ್ಣಿಗೆ ಇಂಜೆಕ್ಷನ್ ಬದಲು ಕ್ಯಾರೆಟ್ ಜ್ಯೂಸ್ ಸಾಕೇ?

ಶುಗರ್ ಇರುವವರು ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಬಾರದು, ಅದರಿಂದ ಕಣ್ಣೇ ಹೋಗುತ್ತದೆ, ದಿನಾ ಕ್ಯಾರೆಟ್ ಜ್ಯೂಸ್ ಕುಡಿದರೆ ದೃಷ್ಟಿ ವಾಪಸ್ ಬರುತ್ತದೆ. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಕ್ಯಾರೆಟ್ ವಿಷಯ ಪೂರ್ತಿ ಸುಳ್ಳಲ್ಲ. ಆದರೆ ಅದು ಬೇರೆ ಬೀಗದ ಕೀಲಿ.

ಜೀವಕೋಶಗಳಲ್ಲಿ ಸಂದೇಶ ಹಿಡಿಯುವ ಪ್ರೋಟೀನ್‌ಗಳಿರುತ್ತವೆ. ಇವೇ ರಿಸೆಪ್ಟರ್‌ಗಳು. ಕಣ್ಣಿನ ಹಿಂಬದಿಯ ರೆಟಿನಾದಲ್ಲಿ ಇಂಥವು ಹಲವು. ಇಲ್ಲಿ ನಮಗೆ ಬೇಕಾದವು ಎರಡು.

ಮೊದಲನೆಯದು ರೋಡಾಪ್ಸಿನ್. ಮಂದ ಬೆಳಕಿನಲ್ಲಿ ನಮಗೆ ಕಾಣುವುದು ಇದರಿಂದ. ಇದು ತಯಾರಾಗಲು ವಿಟಮಿನ್ ಎ ಬೇಕು; ಕಡಿಮೆಯಾದರೆ ಇರುಳುಗುರುಡು ಬರುತ್ತದೆ. ಇದರ ಗುಟ್ಟು ಬಿಡಿಸಿದ ಜಾರ್ಜ್ ವಾಲ್ಡ್ 1967ರ ನೊಬೆಲ್ ಪಡೆದವರಲ್ಲಿ ಒಬ್ಬರು. ಹಾಗಾಗಿ ಕೊರತೆ ಇದ್ದವರಿಗೆ ಕ್ಯಾರೆಟ್, ನುಗ್ಗೆಸೊಪ್ಪು ಒಳ್ಳೆಯದೇ. ಕೊರತೆ ಇಲ್ಲದವರು ಎಷ್ಟು ತಿಂದರೂ ದೃಷ್ಟಿ ಹೆಚ್ಚುವುದಿಲ್ಲ. ಅಂದಹಾಗೆ, ಜ್ಯೂಸ್ ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಅದನ್ನು ಕುಡಿಯಲು ಹೇಳುತ್ತಿರುವುದು ಶುಗರ್ ಇರುವವರಿಗೆ!

ಶುಗರ್‌ನಿಂದ ಹಾಳಾಗುವುದು ರೆಟಿನಾದ ಸಣ್ಣ ರಕ್ತನಾಳಗಳು. ಆಮ್ಲಜನಕ ಸಾಲದಾದಾಗ ರೆಟಿನಾ ವಿಇಜಿಎಫ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತದೆ. ಅದು ರಕ್ತನಾಳದ ಗೋಡೆಯ ರಿಸೆಪ್ಟರ್ ಮೇಲೆ ಕೂತರೆ, 'ಹೊಸ ನಾಳ ಬೆಳೆಸು' ಎಂಬ ಆದೇಶ ಹೋದಂತೆ. ಇದೇ ನಮ್ಮ ಎರಡನೆಯ ರಿಸೆಪ್ಟರ್. ಹೀಗೆ ಬೆಳೆದ ನಾಳಗಳು ದುರ್ಬಲ, ಒಡೆದು ರಕ್ತ ಸುರಿಸುತ್ತವೆ. ಹಳೆಯ ನಾಳಗಳೂ ಸೋರುತ್ತವೆ. ರೆಟಿನಾದ ನಡುಭಾಗ ಊದಿಕೊಂಡರೆ ಓದುವುದು, ಮುಖ ಗುರುತಿಸುವುದು ಕಷ್ಟ.

ಇಂಜೆಕ್ಷನ್ ತಡೆಯುವುದು ಈ ಆದೇಶವನ್ನೇ. ಅಫ್ಲಿಬರ್ಸೆಪ್ಟ್ ಎಂಬ ಔಷಧವನ್ನು ಮಾಡಿರುವುದು ಅದೇ ರಿಸೆಪ್ಟರ್‌ನ ತುಣುಕುಗಳಿಂದ. ವಿಇಜಿಎಫ್ ಈ ನಕಲಿ ರಿಸೆಪ್ಟರ್‌ಗೆ ಅಂಟಿಕೊಂಡು, ಅಸಲಿಯನ್ನು ತಲುಪುವುದೇ ಇಲ್ಲ. ಔಷಧದ ಪ್ರಭಾವ ಕೆಲವು ವಾರಗಳಲ್ಲಿ ಇಳಿಯುವುದರಿಂದ ಮತ್ತೆ ಮತ್ತೆ ಹಾಕಿಸಬೇಕಾಗುತ್ತದೆ. 'ವಾಸಿ ಮಾಡದೆ ದುಡ್ಡು ಕೀಳುತ್ತಾರೆ' ಎಂಬ ಅನುಮಾನ ಹುಟ್ಟುವುದು ಇಲ್ಲೇ. ಖರ್ಚು ನಿಜ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅರ್ಧಕ್ಕೆ ಬಿಟ್ಟವರಲ್ಲಿ ಹೋದ ದೃಷ್ಟಿ ಎಷ್ಟೋ ಸಲ ಮರಳುವುದಿಲ್ಲ.

ಅಪಾಯವೇ ಇಲ್ಲವೇ? ಇದೆ. ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇಂಜೆಕ್ಷನ್‌ಗಳಲ್ಲಿ ಕಣ್ಣಿನೊಳಗೆ ಗಂಭೀರ ಸೋಂಕು ಆಗುತ್ತದೆ. ಇಂಜೆಕ್ಷನ್ ನಂತರ ನೋವು, ಕೆಂಪು ಹೆಚ್ಚುತ್ತಾ ಹೋದರೆ ಅಥವಾ ದೃಷ್ಟಿ ಮಂಜಾದರೆ ಅಂದೇ ವೈದ್ಯರ ಬಳಿ ಹೋಗಿ.

ಶುರುವಿನಲ್ಲಿ ಈ ತೊಂದರೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಶುಗರ್ ಇರುವವರು ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕು. ಹೋಗುವಾಗ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಗಾಡಿ ಓಡಿಸಲಾಗದು.